ಗ್ಯಾಡೊಲಿನಿಯಂ ಹಾಕಿದರೆ ಎಕ್ಸಿಪ್ಲೆಕ್ಸ್ ಬೆಳಕಿನ ಕಾಂತಕ್ಷೇತ್ರ ಪರಿಣಾಮ ಅರ್ಧಕ್ಕಿಳಿಯುತ್ತೆ: ಕಾರಣ ಸ್ಪಿನ್ನೋ, ಬರೀ ಉಪ್ಪೋ?

ಕ್ಯೂವೆಟ್

ಎಕ್ಸಿಪ್ಲೆಕ್ಸ್ ಅಂದರೆ ಉದ್ರಿಕ್ತ ಅಣುವೊಂದು ಇನ್ನೊಂದು ಬಗೆಯ ಅಣುವಿನ ಜೊತೆ ಸೇರಿ ಬೆಳಗೋ ಜೋಡಿ. ನನ್ನ ಜೋಡಿ: ಪೈರೀನ್ ಮತ್ತು ಡೈಮೀಥೈಲ್ ಅನಿಲೀನ್ (ಮುಂದೆ ಡಿಎಂಎ). ಪೈರೀನ್ 0.1 ಮಿಲಿಮೋಲಾರ್, ಡಿಎಂಎ 0.06 ಮೋಲಾರ್. ದ್ರಾವಕ ಟಿಎಚ್‌ಎಫ್ (ಟೆಟ್ರಾಹೈಡ್ರೊಫ್ಯೂರಾನ್), ಅದಕ್ಕೆ ಗಾತ್ರದ ಲೆಕ್ಕದಲ್ಲಿ ಶೇ. 10 ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್). ಉದ್ರೇಕಿಸೋದು 337 ನ್ಯಾನೊಮೀಟರಿನಲ್ಲಿ, ಎಕ್ಸಿಪ್ಲೆಕ್ಸ್ ಬೆಳಕನ್ನು 475ರ ಲಾಂಗ್‌ಪಾಸ್ ಫಿಲ್ಟರ್ ಮೂಲಕ ನೋಡೋದು. 50 ಮಿಲಿಟೆಸ್ಲಾ ಕ್ಷೇತ್ರ ಕೊಟ್ಟಾಗ ಬೆಳಕು ಶೇ. 5ರ ಆಸುಪಾಸು ಏರುತ್ತೆ. 5 ಮಿಲಿಮೋಲಾರ್ ಗ್ಯಾಡೊಲಿನಿಯಂ ಟ್ರೈಫ್ಲೇಟ್ ಉಪ್ಪು ಹಾಕಿದರೆ ಆ ಏರಿಕೆ ಸುಮಾರು ಅರ್ಧಕ್ಕೆ ಬೀಳುತ್ತೆ. ಎಲೆಕ್ಟ್ರಾನ್ ಸ್ಪಿನ್ ಇಲ್ಲದ ಲ್ಯಾಂಥನಂ ಟ್ರೈಫ್ಲೇಟ್ ಹಾಕಿದರೂ ಬೀಳುತ್ತೆ, ಆದರೆ ಅಷ್ಟಿಲ್ಲ.

ಎರಡು ಪ್ರಶ್ನೆ. ಲ್ಯಾಂಥನಂನ ಇಳಿತವನ್ನು ಗ್ಯಾಡೊಲಿನಿಯಂನ ಇಳಿತದಿಂದ ಕಳೆದು, ಉಳಿದದ್ದು ಸ್ಪಿನ್ ಪರಿಣಾಮ ಅನ್ನಬಹುದೇ? ಇನ್ನೊಂದು, ಡಿಸ್ಪ್ರೋಸಿಯಂನ ಕಾಂತ ಭ್ರಾಮ್ಯತೆ 10.6 ಬೋರ್ ಮ್ಯಾಗ್ನೆಟಾನ್, ಗ್ಯಾಡೊಲಿನಿಯಂದು 7.9. ಹಾಗಿದ್ದ ಮೇಲೆ ಡಿಸ್ಪ್ರೋಸಿಯಂ ಹೆಚ್ಚು ಕೆಡಿಸಬೇಕಲ್ಲವೇ?

ಅರ್ಧಸ್ಪಿನ್

ಕಳೆಯೋ ಲೆಕ್ಕಕ್ಕೆ ಹೋಗೋ ಮುಂಚೆ ಕಾಲದ ಲೆಕ್ಕ ಹಾಕಿ. ಈ ವಿಷಯದಲ್ಲಿ ಮುಕ್ಕಾಲು ಪಾಲು ಗೊಂದಲ ಅಲ್ಲೇ ಬಗೆಹರಿಯುತ್ತೆ.

ಉದ್ರಿಕ್ತ ಪೈರೀನ್ ಡಿಎಂಎಯಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ. ಹುಟ್ಟೋ ಅಯಾನು-ರ್‍ಯಾಡಿಕಲ್ ಜೋಡಿ ಸಿಂಗ್ಲೆಟ್, ಅಂದರೆ ಎರಡರ ಒಂಟಿ ಎಲೆಕ್ಟ್ರಾನುಗಳ ಸ್ಪಿನ್ ಪರಸ್ಪರ ವಿರುದ್ಧವಾಗಿ ಜೋಡಿಯಾಗಿರುತ್ತೆ. ಅದು ಸ್ವಲ್ಪ ದೂರ ಸರಿದು, ಮತ್ತೆ ಸೇರಿದಾಗ ಸಿಂಗ್ಲೆಟ್ ಆಗೇ ಉಳಿದಿದ್ದರೆ ಎಕ್ಸಿಪ್ಲೆಕ್ಸ್ ಆಗಿ ಬೆಳಗುತ್ತೆ. ಮಧ್ಯೆ ಟ್ರಿಪ್ಲೆಟ್ (ಸ್ಪಿನ್ನುಗಳು ಸಮಾಂತರ) ಆಗಿಬಿಟ್ಟಿದ್ದರೆ ಆ ಬೆಳಕು ಹೋಯಿತು. ಸಿಂಗ್ಲೆಟ್ಟನ್ನು ಟ್ರಿಪ್ಲೆಟ್ ಮಾಡೋದು ಹೈಡ್ರೋಜನ್, ನೈಟ್ರೋಜನ್ ನ್ಯೂಕ್ಲಿಯಸ್‌ಗಳ ಹೈಪರ್‌ಫೈನ್ ಕ್ಷೇತ್ರ, ಅಂದರೆ ಅವುಗಳ ಪುಟ್ಟ ಕಾಂತಕ್ಷೇತ್ರ. ಕ್ಷೇತ್ರವಿಲ್ಲದಾಗ ಟ್ರಿಪ್ಲೆಟ್ಟಿನ ಮೂರೂ ಮಟ್ಟಗಳಿಗೆ ದಾರಿ ತೆರೆದಿರುತ್ತೆ. ಹೊರಗಿನಿಂದ ಕ್ಷೇತ್ರ ಕೊಟ್ಟರೆ ಮೇಲಿನದು ಕೆಳಗಿನದು ಎರಡೂ ಸೀಮನ್ ಸೀಳಿಕೆಯಿಂದ (ಕ್ಷೇತ್ರದಲ್ಲಿ ಶಕ್ತಿಮಟ್ಟಗಳು ಬೇರೆಯಾಗೋದು) ದೂರ ಹೋಗುತ್ತವೆ, ನಡುವಿನದೊಂದೇ ಉಳಿಯುತ್ತೆ. ಹಾಗಾಗಿ ಸಿಂಗ್ಲೆಟ್ ಹೆಚ್ಚು ಉಳಿಯುತ್ತೆ, ಬೆಳಕು ಏರುತ್ತೆ. ನಿಮ್ಮ ಶೇ. 5 ಅಂದರೆ ಇದೇ.

ಈಗ ಅಯಾನು. ಟಿಎಚ್‌ಎಫ್‌ನ ಸ್ನಿಗ್ಧತೆ 0.46 ಮಿಲಿಪಾಸ್ಕಲ್-ಸೆಕೆಂಡು. ಅಲ್ಲಿಂದ ವಿಸರಣದ ಗರಿಷ್ಠ ದರ ಸ್ಥಿರಾಂಕ ಸುಮಾರು 1.4 × 10¹⁰ ಪ್ರತಿ ಮೋಲಾರ್ ಪ್ರತಿ ಸೆಕೆಂಡು ಬರುತ್ತೆ. 5 ಮಿಲಿಮೋಲಾರ್ ಇದ್ದರೆ ಒಂದು ರ್‍ಯಾಡಿಕಲ್‌ಗೆ ಒಂದು ಗ್ಯಾಡೊಲಿನಿಯಂ ಎದುರಾಗೋಕೆ ಸರಾಸರಿ 14 ನ್ಯಾನೊಸೆಕೆಂಡು. ಹೈಪರ್‌ಫೈನ್ ಬೆರಕೆ ನಡೆಯೋದೂ ಹತ್ತು ನ್ಯಾನೊಸೆಕೆಂಡಿನ ಸುತ್ತಮುತ್ತಲೇ. ಎರಡೂ ಸರಿಸಮ, ಅಂದರೆ ಸ್ಪಿನ್ ಪರಿಣಾಮಕ್ಕೆ ಅವಕಾಶ ಇದೆ. 0.1 ಮಿಲಿಮೋಲಾರ್‌ನಲ್ಲೇ ಇಷ್ಟು ಇಳಿತ ಕಂಡಿದ್ದರೆ ಆ ಲೆಕ್ಕ 700 ನ್ಯಾನೊಸೆಕೆಂಡಿಗೆ ಹೋಗುತ್ತಿತ್ತು. ಆಗ ಸ್ಪಿನ್ ಅನ್ನೋ ಮಾತೇ ಬೇಡ, ಅಯಾನು ಡಿಎಂಎಗೋ ಪೈರೀನಿಗೋ ಅಂಟಿಕೊಂಡಿದೆ ಅಂತ ಹುಡುಕಬೇಕಿತ್ತು.

ಡಿಸ್ಪ್ರೋಸಿಯಂ ಪ್ರಶ್ನೆಗೆ ಉತ್ತರ: ಭ್ರಾಮ್ಯತೆಯಷ್ಟೇ ನೋಡಬೇಡಿ, ಅದು ಎಷ್ಟು ಬೇಗ ಹೊರಳುತ್ತೆ ನೋಡಿ. ಗ್ಯಾಡೊಲಿನಿಯಂನ ಏಳು ಎಫ್-ಎಲೆಕ್ಟ್ರಾನುಗಳಿಗೆ ಒಟ್ಟು ಕಕ್ಷಾ ಕೋನೀಯ ಸಂವೇಗ ಸೊನ್ನೆ, ಹಾಗಾಗಿ ಸ್ಪಿನ್ ವಿಶ್ರಾಂತಿ ನಿಧಾನ, 10⁻¹⁰ರಿಂದ 10⁻⁹ ಸೆಕೆಂಡು. ಡಿಸ್ಪ್ರೋಸಿಯಂ, ಹೋಲ್ಮಿಯಂಗಳದ್ದು 10⁻¹³ರ ಸುತ್ತ. ಇವು ಎಷ್ಟು ವೇಗವಾಗಿ ಹೊರಳುತ್ತವೆಂದರೆ ರ್‍ಯಾಡಿಕಲ್ ಸ್ಪಿನ್ನಿಗೆ ಸರಾಸರಿ ಬಿಟ್ಟು ಬೇರೇನೂ ತಟ್ಟುವುದಿಲ್ಲ. ದ್ವಿಧ್ರುವ ವಿಶ್ರಾಂತಿಯ ದರ ಭ್ರಾಮ್ಯತೆಯ ವರ್ಗ ಗುಣಿಸು ಈ ಕಾಲಕ್ಕೆ ಅನುಪಾತದಲ್ಲಿರುತ್ತೆ. ಗ್ಯಾಡೊಲಿನಿಯಂಗೆ 63 × 10⁻¹⁰ ಹಾಕಿ, ಡಿಸ್ಪ್ರೋಸಿಯಂಗೆ 112 × 3 × 10⁻¹³ ಹಾಕಿ: ಅನುಪಾತ ಸುಮಾರು ನೂರ ತೊಂಬತ್ತು ಪಟ್ಟು, ಅದೂ ಗ್ಯಾಡೊಲಿನಿಯಂ ಪರವಾಗಿ. ಎನ್‌ಎಂಆರ್ (ನ್ಯೂಕ್ಲಿಯರ್ ಕಾಂತೀಯ ಅನುರಣನ) ಮಾಡುವವರಿಗೆ ಇದು ಹಳೇ ಪಾಠ: ಗ್ಯಾಡೊಲಿನಿಯಂ ಗೆರೆಯನ್ನು ಅಗಲ ಮಾಡುತ್ತೆ, ಡಿಸ್ಪ್ರೋಸಿಯಂ ಗೆರೆಯನ್ನು ಜರುಗಿಸುತ್ತೆ. ವಿನಿಮಯ ಕ್ರಿಯೆ ಕಾರಣವಾದರೂ ಗ್ಯಾಡೊಲಿನಿಯಂನ ಸ್ಪಿನ್ 7/2, ಡಿಸ್ಪ್ರೋಸಿಯಂದು 5/2. ಆದ್ದರಿಂದ ಡಿಸ್ಪ್ರೋಸಿಯಂ ಹೆಚ್ಚು ಕೆಡಿಸಿದರೆ ಅನುಮಾನ ಪಡಿ.

ದ್ರಾವಕದಂಗಡಿ

ಲೆಕ್ಕ ಸರಿ. ಆದರೆ ಬಾಟಲಿಯೊಳಗೆ ಏನಿದೆ ಅಂತ ಮೊದಲು ಕೇಳ್ತೀನಿ.

ಟ್ರೈಫ್ಲೇಟ್ ಒಣಗಿಸಿದ್ದೀರಾ? ಎಷ್ಟೋ ಬಾಟಲಿಗಳು ನೀರು ಹೀರಿರುತ್ತವೆ. ನಿರ್ವಾತದಲ್ಲಿ 150ರಿಂದ 180 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. 10 ಮಿಲಿಲೀಟರ್‌ಗೆ 5 ಮಿಲಿಮೋಲಾರ್ ಆಗೋಕೆ ಗ್ಯಾಡೊಲಿನಿಯಂ ಟ್ರೈಫ್ಲೇಟ್ 30.2 ಮಿಲಿಗ್ರಾಂ, ಲ್ಯಾಂಥನಂದು 29.3, ಲುಟೇಶಿಯಂದು 31.1, ಯಿಟ್ರಿಯಂದು 26.8. ನೈಟ್ರೇಟ್ ಹೆಕ್ಸಾಹೈಡ್ರೇಟ್ ಅಗ್ಗ ಅಂತ ಹಾಕಿದರೆ ಅದೇ 5 ಮಿಲಿಮೋಲಾರ್ ಜೊತೆ 30 ಮಿಲಿಮೋಲಾರ್ ನೀರೂ ಬರುತ್ತೆ. ಪರ್‌ಕ್ಲೋರೇಟ್ ಸುದ್ದಿಗೆ ಹೋಗಲೇಬೇಡಿ. ಅಮೀನ್ ಮತ್ತು ಸಾವಯವ ದ್ರಾವಕದ ಜೊತೆ ಒಣಗಿದ ಪರ್‌ಕ್ಲೋರೇಟ್ ಸಿಡಿಯೋ ವಸ್ತು.

ಟಿಎಚ್‌ಎಫ್ ಬಿಎಚ್‌ಟಿ (ದ್ರಾವಕ ಕೆಡದಂತೆ ಸೇರಿಸೋ ವಸ್ತು) ಇಲ್ಲದ್ದು ಬೇಕು. ಬಿಎಚ್‌ಟಿ ಇರೋದೇ ರ್‍ಯಾಡಿಕಲ್ ಹಿಡಿಯೋಕೆ. ಡಿಎಂಎಫ್ ಹಳೆಯದಾದರೆ ಅದರಲ್ಲಿ ಡೈಮೀಥೈಲ್ ಅಮೀನ್ ಇರುತ್ತೆ, ಅದೂ ಪೈರೀನಿನ ಜೊತೆ ತನ್ನದೇ ಆಟ ಶುರು ಮಾಡುತ್ತೆ. ಡಿಎಂಎಯನ್ನು ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, ಬಣ್ಣವಿಲ್ಲದೆ ಇರುವಾಗಲೇ ಬಳಸಿ. 10 ಮಿಲಿಲೀಟರ್‌ಗೆ 76 ಮೈಕ್ರೊಲೀಟರ್. ಹಳದಿ ಆಗಿದ್ದರೆ ಚೆಲ್ಲಿ. ಪೈರೀನನ್ನು ಎಥನಾಲ್‌ನಲ್ಲಿ ಮರುಸ್ಫಟಿಕೀಕರಣ ಮಾಡಿ.

ಎಲ್ಲಕ್ಕಿಂತ ಹೆಚ್ಚಾಗಿ ಆಕ್ಸಿಜನ್. ಗಾಳಿ ತಾಗಿದ ಟಿಎಚ್‌ಎಫ್‌ನಲ್ಲಿ ಅದು ಸುಮಾರು 2 ಮಿಲಿಮೋಲಾರ್ ಇರುತ್ತೆ, ಸ್ಪಿನ್ 1. ನೀವು ಹಾಕಿರೋ ಗ್ಯಾಡೊಲಿನಿಯಂಗೆ ಹೋಲಿಸಬಹುದಾದ ಮೊತ್ತ! ಉಪ್ಪಿಲ್ಲದ ಮಾದರಿಯಿಂದ ಪೂರ್ತಿ ತೆಗೆದು ಉಪ್ಪಿರೋದರಲ್ಲಿ ಅರ್ಧ ಬಿಟ್ಟಿದ್ದರೆ ನೀವು ಅಳೆದದ್ದು ಆಕ್ಸಿಜನ್ನನ್ನೇ. ಹೆಪ್ಪುಗಟ್ಟಿಸಿ-ಪಂಪ್ ಮಾಡಿ-ಕರಗಿಸೋ ಸುತ್ತು ಕನಿಷ್ಠ ನಾಲ್ಕು. ಆರ್ಗಾನ್ ಹಾಯಿಸೋದಾದರೆ ಮೊದಲು ಅದೇ ದ್ರಾವಕದ ಬಾಟಲಿ ಮೂಲಕ ಹಾಯಿಸಿ, ಇಲ್ಲದಿದ್ದರೆ ಟಿಎಚ್‌ಎಫ್ ಹಾರಿಹೋಗಿ ಡಿಎಂಎಫ್ ಪಾಲು ಹೆಚ್ಚಾಗುತ್ತೆ. ಈ ಪರಿಣಾಮ ಡೈಎಲೆಕ್ಟ್ರಿಕ್ ಸ್ಥಿರಾಂಕದ ಮೇಲೆ ಕೂತಿದೆ: ತೀರಾ ಕಡಿಮೆ ಆದರೆ ಜೋಡಿ ಬಿಡಿಸಿಕೊಳ್ಳೋದೇ ಇಲ್ಲ, ತೀರಾ ಹೆಚ್ಚಾದರೆ ಮತ್ತೆ ಸೇರೋದೇ ಇಲ್ಲ.

ಕ್ಯೂವೆಟ್

ಆರ್ಗಾನ್ 15 ನಿಮಿಷ ನೇರವಾಗಿ ಹಾಯಿಸಿದ್ದು, ಉಪ್ಪು ಆಮೇಲೆ ಸೇರಿಸಿದ್ದು. ಟ್ರೈಫ್ಲೇಟ್ ಬಾಟಲಿಯಿಂದ ನೇರ. ಎರಡನ್ನೂ ಬದಲಿಸ್ತೀನಿ. ಲುಟೇಶಿಯಂ, ಯಿಟ್ರಿಯಂ ಯಾಕೆ ಸೂಚಿಸಿದಿರಿ? ಲ್ಯಾಂಥನಂ ಸಾಲದೇ?

ಅರ್ಧಸ್ಪಿನ್

ಸಾಲದು. ಗ್ಯಾಡೊಲಿನಿಯಂಗೆ ಒಂದೇ ಒಂದು ಕಂಟ್ರೋಲ್ ಬೇಕು ಅಂದರೂ ಲ್ಯಾಂಥನಂ ನನ್ನ ಕೊನೇ ಆಯ್ಕೆ.

ಲ್ಯಾಂಥನೈಡ್ ಸಾಲಿನಲ್ಲಿ ಮುಂದೆ ಹೋದಂತೆ ಅಯಾನು ಕುಗ್ಗುತ್ತೆ. ಲ್ಯಾಂಥನಂ ದೊಡ್ಡದು, ಲುಟೇಶಿಯಂ ಚಿಕ್ಕದು, ಗ್ಯಾಡೊಲಿನಿಯಂ ನಡುವೆ. ಉಪ್ಪಿನಿಂದಾಗೋ ಇಳಿತ ಗಾತ್ರದ ಜೊತೆ ಬದಲಾಗುವುದಾದರೆ ಎರಡು ತುದಿಗಳ ಮಧ್ಯೆ ಗ್ಯಾಡೊಲಿನಿಯಂ ಬೀಳಬೇಕು. ಎರಡನ್ನೂ ಮೀರಿ ಕೆಳಗೆ ಹೋದರೆ ಮಾತ್ರ ಸ್ಪಿನ್ ಅನ್ನೋಕೆ ಧೈರ್ಯ ಬರುತ್ತೆ. ಲುಟೇಶಿಯಂ ಇನ್ನೊಂದು ಕೆಲಸಾನೂ ಮಾಡುತ್ತೆ. ಅದರ ಪರಮಾಣು ಸಂಖ್ಯೆ 71, ಗ್ಯಾಡೊಲಿನಿಯಂದು 64. ಭಾರ ಪರಮಾಣುವಿನ ಸ್ಪಿನ್-ಕಕ್ಷಾ ಜೋಡಣೆಯಿಂದ ಎಕ್ಸಿಪ್ಲೆಕ್ಸ್ ಟ್ರಿಪ್ಲೆಟ್ಟಿಗೆ ಜಾರುತ್ತಿದೆ ಅನ್ನೋ ವಾದ ನಿಜವಾದರೆ ಲುಟೇಶಿಯಂ ಕಡಿಮೆಯೇನೂ ಮಾಡಬಾರದು.

ಯಿಟ್ರಿಯಂ ಬೇಕಿರೋದು ನ್ಯೂಕ್ಲಿಯಸ್ ಕಾರಣಕ್ಕೆ. ಎಲೆಕ್ಟ್ರಾನ್ ಸ್ಪಿನ್ ಇಲ್ಲದ ಅಯಾನು ಅಂದ ಮಾತ್ರಕ್ಕೆ ಸ್ಪಿನ್ನೇ ಇಲ್ಲ ಅಂತಲ್ಲ. ಲ್ಯಾಂಥನಂ-139, ಲುಟೇಶಿಯಂ-175 ಎರಡಕ್ಕೂ ನ್ಯೂಕ್ಲಿಯರ್ ಸ್ಪಿನ್ 7/2. ಅಯಾನು ರ್‍ಯಾಡಿಕಲ್‌ಗೆ ನೇರ ಬಂಧ ಕಟ್ಟಿಕೊಂಡರೆ ಆ ನ್ಯೂಕ್ಲಿಯಸ್ಸೂ ಹೈಪರ್‌ಫೈನ್ ಬೆರಕೆಗೆ ಕೈಜೋಡಿಸಬಹುದು. ಸ್ಕ್ಯಾಂಡಿಯಂ ಅಯಾನು ಕ್ವಿನೋನ್ ರ್‍ಯಾಡಿಕಲ್ ಋಣ ಅಯಾನುಗಳಿಗೆ ಅಂಟಿದಾಗ ಇಪಿಆರ್ (ಎಲೆಕ್ಟ್ರಾನ್ ಸ್ಪಿನ್ ಅನುರಣನ) ರೋಹಿತದಲ್ಲಿ ಅದರ 7/2 ಸೀಳಿಕೆ ಚೆನ್ನಾಗಿ ಕಾಣುತ್ತೆ. ಪೈರೀನಿಗೆ ಅಂಟಿಕೊಳ್ಳೋಕೆ ಆಕ್ಸಿಜನ್ ಕೈ ಇಲ್ಲ, ಹಾಗಾಗಿ ಇಲ್ಲಿ ಆ ಭಯ ಕಡಿಮೆ. ನಾಳೆ ಸ್ವೀಕಾರಕವನ್ನು ಕ್ವಿನೋನ್‌ಗೆ ಬದಲಿಸಿದರೆ ದೊಡ್ಡ ಭಯ. ಯಿಟ್ರಿಯಂ-89ರ ಸ್ಪಿನ್ 1/2, ಭ್ರಾಮ್ಯತೆಯೂ ಪುಟ್ಟದು.

ದ್ರಾವಕದಂಗಡಿ

ಯೂರೋಪಿಯಂ, ಯಿಟರ್ಬಿಯಂ, ಸಮೇರಿಯಂ ಸೇರಿಸೋ ಆಸೆ ಬಂದರೆ ತಡೀರಿ. ಪೈರೀನ್ ರ್‍ಯಾಡಿಕಲ್ ಋಣ ಅಯಾನು ಬಲವಾದ ಅಪಕರ್ಷಕ. ಯೂರೋಪಿಯಂ 3+ ಇಂದ 2+ಗೆ ಬರೀ −0.35 ವೋಲ್ಟ್ ಸಾಕು, ಎಲೆಕ್ಟ್ರಾನ್ ಕಿತ್ತುಕೊಂಡು ಜೋಡಿಯನ್ನೇ ಮುಗಿಸುತ್ತೆ. ಇನ್ನೆರಡಕ್ಕೂ ಅದೇ ದಾರಿ. ಗ್ಯಾಡೊಲಿನಿಯಂ 2+ಗೆ ಇಳಿಯೋದಿಲ್ಲ. ಬೆಳಕಿನ ವಿಷಯದಲ್ಲೂ ಅದು ಸಭ್ಯ: ಅದರ ಮೊದಲ ಉದ್ರಿಕ್ತ ಮಟ್ಟ 311 ನ್ಯಾನೊಮೀಟರ್ ಹತ್ತಿರ, ನಿಮ್ಮ ಕಿಟಕಿಯಲ್ಲಿ ಹೀರೋದೂ ಇಲ್ಲ ಬೆಳಗೋದೂ ಇಲ್ಲ. ಡಿಸ್ಪ್ರೋಸಿಯಂ 350ರಲ್ಲಿ ಸ್ವಲ್ಪ ಹೀರುತ್ತೆ, 480 ಮತ್ತು 575ರಲ್ಲಿ ಸ್ವಂತ ಬೆಳಕು ಕೊಡುತ್ತೆ, ನಿಮ್ಮ 475ರ ಫಿಲ್ಟರ್ ಎರಡನ್ನೂ ಒಳಗೆ ಬಿಡುತ್ತೆ. ಡಿಸ್ಪ್ರೋಸಿಯಂ ಮಾಡೋದಾದರೆ ಪೈರೀನ್ ಇಲ್ಲದ ಖಾಲಿ ಮಾದರಿ ಕಡ್ಡಾಯ.

ತಾಮ್ರ ಬೇಡವೇ ಬೇಡ. ಡಿಎಂಎ ಮತ್ತು ತಾಮ್ರದ ಉಪ್ಪು, ಗಾಳಿ ಸೇರಿದರೆ ಮೀಥೈಲ್ ವಯಲೆಟ್ ಬಣ್ಣ ತಯಾರಿಸೋ ಹಳೇ ಕಾರ್ಖಾನೆ ವಿಧಾನವೇ ಆಯ್ತು. ಕ್ಯೂವೆಟ್ ನೇರಳೆ ತಿರುಗುತ್ತೆ, ಆಮೇಲೆ ನೀವು ಅಳೆಯೋದು ಬಣ್ಣ ಹೀರಿದ್ದನ್ನು.

ಲಾಕ್‌ಇನ್_ಲತಾ

ರಸಾಯನಶಾಸ್ತ್ರ ಎಲ್ಲಾ ಸರಿ ಮಾಡಿಕೊಂಡ ಮೇಲೂ ಶೇ. 5 ನಿಜವಾಗಿ ಶೇ. 5 ಹೌದಾ ಅನ್ನೋದು ಬಾಕಿ. ಕ್ಯೂವೆಟ್ ಅವರೇ, ಫೋಟೊಮಲ್ಟಿಪ್ಲಯರ್ (ಬೆಳಕು ಅಳೆಯೋ ಕೊಳವೆ) ಅಯಸ್ಕಾಂತದಿಂದ ಎಷ್ಟು ದೂರ ಇದೆ?

ಆ ಕೊಳವೆಯೊಳಗೆ ಎಲೆಕ್ಟ್ರಾನುಗಳು ಒಂದು ಡೈನೋಡಿನಿಂದ ಇನ್ನೊಂದಕ್ಕೆ ಹಾರೋವಾಗ ಒಂದು ಮಿಲಿಟೆಸ್ಲಾ ಸೋರಿಕೆ ಕ್ಷೇತ್ರವೂ ದಾರಿ ಬಾಗಿಸುತ್ತೆ, ಸಿಗ್ನಲ್ ಬದಲಾಗುತ್ತೆ. ಮ್ಯೂ-ಮೆಟಲ್ ಕವಚ ಬೇಕು, ಅದರ ಜೊತೆ ಒಂದು ಮೀಟರ್ ಫೈಬರ್ ಅಥವಾ ಬೆಳಕುಕೊಳವೆ ಹಾಕಿ ದೂರ ಸರಿಸಿ. ಜೆನಾನ್ ದೀಪ ಹತ್ತಿರವಿದ್ದರೆ ಅದರ ಆರ್ಕ್ ಕೂಡ ಕ್ಷೇತ್ರದಲ್ಲಿ ಅಲುಗುತ್ತೆ. ಪರೀಕ್ಷೆ ಸುಲಭ: ಡಿಎಂಎ ಇಲ್ಲದ ಪೈರೀನ್ ಇಟ್ಟು, ಫಿಲ್ಟರ್ ತೆಗೆದು, ಬೆಳಕಿನ ಮಟ್ಟ ಅಷ್ಟೇ ಬರೋ ಹಾಗೆ ಸೀಳು ಹೊಂದಿಸಿ, 0 ಮತ್ತು 50 ಮಿಲಿಟೆಸ್ಲಾದಲ್ಲಿ ಓದಿ. ಬದಲಾವಣೆ ಶೇ. 0.1ರೊಳಗೆ ಇರಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ನಿಲ್ಲಿಸಿ ಇದನ್ನು ಸರಿಮಾಡಿ.

0.1 ಯಾಕೆ ಅಂದರೆ, 10 ಲಕ್ಷ ಫೋಟಾನ್ ಎಣಿಸಿದರೆ ಎಣಿಕೆಯ ಗದ್ದಲ ಶೇ. 0.1. ಶೇ. 5 ಮತ್ತು ಶೇ. 2.5ರ ವ್ಯತ್ಯಾಸ ಹೇಳೋಕೆ ಇದು ಧಾರಾಳ. ಲ್ಯಾಂಥನಂಗೂ ಲುಟೇಶಿಯಂಗೂ ಇರೋ ಸಣ್ಣ ವ್ಯತ್ಯಾಸ ಹಿಡಿಯೋಕೆ ಇದರ ಹತ್ತು ಪಟ್ಟು ಎಣಿಸಿ. ದೀಪ ನಿಧಾನವಾಗಿ ಜಾರುತ್ತಲೇ ಇರುತ್ತೆ, ಹಾಗಾಗಿ ಅಳೆಯೋ ಕ್ರಮ ಸೊನ್ನೆ-ಕ್ಷೇತ್ರ-ಕ್ಷೇತ್ರ-ಸೊನ್ನೆ, ಮತ್ತೆ ಅದೇ. ಹೀಗೆ ಮಾಡಿದರೆ ನೇರ ಗೆರೆಯ ಜಾರಿಕೆ ತಾನಾಗೇ ರದ್ದಾಗುತ್ತೆ.

ಸೊನ್ನೆ ಅಂದರೆ ಸೊನ್ನೆಯೇ ಆಗಿರಬೇಕು. ಕಬ್ಬಿಣದ ತಿರುಳಿನ ಅಯಸ್ಕಾಂತ ವಿದ್ಯುತ್ ಆರಿಸಿದ ಮೇಲೂ ಒಂದೆರಡು ಮಿಲಿಟೆಸ್ಲಾ ಹಿಡಿದಿಟ್ಟುಕೊಳ್ಳುತ್ತೆ. ಹಾಲ್ ಪ್ರೋಬ್ ಇಟ್ಟು ಸಣ್ಣ ವಿರುದ್ಧ ಕರೆಂಟ್ ಕೊಟ್ಟು ಸೊನ್ನೆಗೆ ತನ್ನಿ. ತಿರುಳಿಲ್ಲದ ಹೆಲ್ಮ್‌ಹೋಲ್ಟ್ಸ್ ಸುರುಳಿಯಲ್ಲಿ ಈ ತಲೆನೋವಿಲ್ಲ. 5 ಸೆಂಟಿಮೀಟರ್ ತ್ರಿಜ್ಯ, ಒಂದೊಂದಕ್ಕೆ 200 ಸುತ್ತು, 2 ಆಂಪಿಯರ್ ಕೊಟ್ಟರೆ 7.2 ಮಿಲಿಟೆಸ್ಲಾ ಬರುತ್ತೆ. ಕ್ಷೇತ್ರ-ಬೆಳಕು ವಕ್ರರೇಖೆಯ ಕೆಳಭಾಗಕ್ಕೆ ಅದು ಸಾಕು, 50ಕ್ಕೆ ಸಾಲದು. ಸುರುಳಿ ಬಿಸಿಯಾಗಿ ಕ್ಯೂವೆಟ್ ಬಿಸಿಯಾದರೆ ಎಕ್ಸಿಪ್ಲೆಕ್ಸ್ ಬೆಳಕು ತಾನೇ ಬದಲಾಗುತ್ತೆ. ಮಾದರಿ ಹಿಡಿಕೆಗೆ ನೀರಿನ ಹರಿವು ಕೊಡಿ.

ಲಾಕ್‌ಇನ್ (ನಿಗದಿತ ಆವೃತ್ತಿಯ ಸಿಗ್ನಲ್ ಮಾತ್ರ ಹೆಕ್ಕೋ ಸಾಧನ) ಇದ್ದರೆ ಒಂದು ಚೆಂದದ ಉಪಾಯ. ಡಿಸಿ ಇಲ್ಲದೆ ಬರೀ ಸೈನ್ ಕ್ಷೇತ್ರ ಕೊಡಿ. ಅಣುಗಳಿಗೆ ಕ್ಷೇತ್ರದ ದಿಕ್ಕು ಲೆಕ್ಕಕ್ಕಿಲ್ಲ, ಹಾಗಾಗಿ ನಿಜವಾದ ಪರಿಣಾಮ ಇಮ್ಮಡಿ ಆವೃತ್ತಿಯಲ್ಲಿ ಬರುತ್ತೆ. ತಂತಿಯಲ್ಲಿ ಪ್ರೇರಿತವಾಗೋ ಸಿಗ್ನಲ್ ಮೂಲ ಆವೃತ್ತಿಯಲ್ಲಿರುತ್ತೆ, ಕೊಳವೆಯ ಬಾಗುವಿಕೆಯದ್ದೂ ಬಹುಪಾಲು ಅಲ್ಲೇ. ಎರಡು ಆವೃತ್ತಿಯನ್ನೂ ಓದಿ, ಮೂಲದಲ್ಲಿ ದೊಡ್ಡದು ಕಂಡರೆ ಕವಚ ನೋಡಿ.

ಇನ್ನೊಂದು ಸಣ್ಣ ವಿಷಯ: 337ರಲ್ಲಿ ಉದ್ರೇಕಿಸೋದು ಯಾಕೆ? ಪೈರೀನಿನ 335ರ ಶಿಖರದಲ್ಲಿ ಮೋಲಾರ್ ಹೀರಿಕೆ 50,000ದ ಆಸುಪಾಸು, 0.1 ಮಿಲಿಮೋಲಾರ್‌ಗೆ ಒಂದು ಸೆಂಟಿಮೀಟರಿನಲ್ಲಿ ಹೀರಿಕೆ 5. ಬೆಳಕೆಲ್ಲ ಮುಂದಿನ ಗೋಡೆಯ ಹತ್ತಿರವೇ ಮುಗಿಯುತ್ತೆ, ಕ್ಯೂವೆಟ್ ಒಂಚೂರು ಜರುಗಿದರೂ ಓದು ಬದಲು. 345ರಿಂದ 350ರ ಇಳಿಜಾರಿಗೆ ಹೋಗಿ.

ನ್ಯಾನೊಸೆಕೆಂಡು

ಲತಾ ಮೇಡಂ ಹೇಳಿದ ಮೇಲೆ ಅಳತೆ ಬಗ್ಗೆ ನಾನು ಹೇಳೋದೇನೂ ಉಳಿದಿಲ್ಲ. ಅರ್ಥೈಸುವಿಕೆಗೆ ಬರ್ತೀನಿ. ಕ್ಯೂವೆಟ್ ಅವರು ಶೇಕಡಾ ಮಾತ್ರ ಕೊಟ್ಟಿದ್ದಾರೆ. ಸೊನ್ನೆ ಕ್ಷೇತ್ರದ ಬೆಳಕು ಉಪ್ಪು ಹಾಕಿದಾಗ ಎಷ್ಟಾಯಿತು? ಅದಿಲ್ಲದೆ ಈ ಚರ್ಚೆಗೆ ಒಂದು ಕಾಲೇ ಇಲ್ಲ.

ಗ್ಯಾಡೊಲಿನಿಯಂ ಸ್ಪಿನ್ನನ್ನು ಮಾತ್ರ ಕಲಕುತ್ತಿದ್ದರೆ ಜೋಡಿಯ ಸಂಖ್ಯೆ ಹಾಗೇ ಇರುತ್ತೆ, ಸಿಂಗ್ಲೆಟ್ ಪಾಲು ಮಾತ್ರ ಕಾಲುಭಾಗದ ಕಡೆಗೆ ಓಡುತ್ತೆ. ಸೊನ್ನೆ ಕ್ಷೇತ್ರದಲ್ಲಿ ಅದು ಆಗಲೇ ಕೆಳಗಿರುವುದರಿಂದ ಬೆಳಕು ಸ್ವಲ್ಪವೇ ಇಳಿಯುತ್ತೆ. ಕ್ಷೇತ್ರದಲ್ಲಿ ಉಳಿಸಿಕೊಂಡಿದ್ದ ಹೆಚ್ಚುವರಿ ಸಿಂಗ್ಲೆಟ್ ಕಳೆದುಹೋಗುವುದರಿಂದ ಅಲ್ಲಿ ಇಳಿತ ಹೆಚ್ಚು. ಅಯಾನು ಉದ್ರಿಕ್ತ ಪೈರೀನನ್ನೇ ನಂದಿಸುತ್ತಿದ್ದರೆ ಎರಡೂ ಬೆಳಕು ಒಂದೇ ಪ್ರಮಾಣದಲ್ಲಿ ಇಳಿಯುತ್ತೆ, ಶೇಕಡಾ ಬದಲಾಗೋದೇ ಇಲ್ಲ. ಅಯಾನು ಜೋಡಿಯನ್ನು ಒಡೆಯುತ್ತಿದ್ದರೆ, ಅಂದರೆ ಪೈರೀನ್ ಋಣ ಅಯಾನಿನ ಪಕ್ಕ ಲೋಹ ಬಂದು ಕೂತು ಡಿಎಂಎಯನ್ನು ಹೊರಗಟ್ಟಿದರೆ, ತಡವಾಗಿ ಬರೋ ಬೆಳಕಿನ ಬಾಲವೇ ಕತ್ತರಿಸಿ ಹೋಗುತ್ತೆ, ಶೇಕಡಾವೂ ಬೀಳುತ್ತೆ. ನಿಮ್ಮ ಲ್ಯಾಂಥನಂ ಇಳಿತ ಈ ಮೂರನೆಯದು ಅಂತ ನನ್ನ ಅಂದಾಜು.

ಇದನ್ನು ಕಣ್ಣಾರೆ ನೋಡೋಕೆ ಏಕ-ಫೋಟಾನ್ ಎಣಿಕೆಯಲ್ಲಿ ಕ್ಷಯ ರೇಖೆ ತೆಗೀರಿ, 0 ಮತ್ತು 50ರಲ್ಲಿ. 50ರ ರೇಖೆಯನ್ನು ಸೊನ್ನೆಯ ರೇಖೆಯಿಂದ ಭಾಗಿಸಿ. ಮೊದಲ ಕೆಲವು ನ್ಯಾನೊಸೆಕೆಂಡು ಅನುಪಾತ 1, ಆಮೇಲೆ ಏರುತ್ತೆ, ಯಾಕೆಂದರೆ ಕ್ಷೇತ್ರ ತಟ್ಟೋದು ಜೋಡಿ ಬಿಡಿಸಿಕೊಂಡು ಮರಳಿ ಬಂದ ಬೆಳಕಿಗೆ ಮಾತ್ರ. ಗ್ಯಾಡೊಲಿನಿಯಂನಲ್ಲಿ ಬಾಲ ಬಹುಪಾಲು ಉಳಿದು ಅನುಪಾತ ಮಾತ್ರ ಚಪ್ಪಟೆಯಾದರೆ ಅದು ಸ್ಪಿನ್. ಬಾಲವೇ ಹೋದರೆ ಉಪ್ಪು.

ಅಂದಹಾಗೆ ಈ ಜೋಡಿಯ ಮೇಲೆ ಭಾರತದಲ್ಲೇ ಸಾಕಷ್ಟು ಕೆಲಸ ಆಗಿದೆ. ಕೋಲ್ಕತ್ತದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್‌ನಲ್ಲಿ ಮಿಹಿರ್ ಚೌಧುರಿ ಅವರ ಗುಂಪು, ಮುಂದೆ ಸಾಹಾ ಸಂಸ್ಥೆಯಲ್ಲಿ ಸಮಿತಾ ಬಸು ಅವರ ಗುಂಪು. ಎಕ್ಸಿಪ್ಲೆಕ್ಸ್ ಬೆಳಕಿನ ಕಾಂತಕ್ಷೇತ್ರ ಪರಿಣಾಮ ಹುಡುಕುವವರು ಅಲ್ಲಿಂದ ಓದೋದು ಒಳ್ಳೇದು.

ಕ್ಯೂವೆಟ್

ಸೊನ್ನೆ ಕ್ಷೇತ್ರದ ಬೆಳಕು ಎರಡೂ ಉಪ್ಪಿನಲ್ಲಿ ಇಳಿದಿದೆ, ಆದರೆ ಬೇರೆ ಬೇರೆ ದಿನ ಅಳೆದದ್ದು, ಹೋಲಿಸೋ ಹಾಗಿಲ್ಲ. ಏಕ-ಫೋಟಾನ್ ಸಾಧನ ಸದ್ಯಕ್ಕೆ ಸಿಗೋದು ಕಷ್ಟ. ವಕ್ರರೇಖೆಯ ಆಕಾರದಿಂದ, ಅಂದರೆ ಅರ್ಧ ಏರಿಕೆ ಆಗೋ ಕ್ಷೇತ್ರದಿಂದ, ಏನಾದರೂ ಹೇಳೋಕೆ ಆಗುತ್ತಾ?

ಅರ್ಧಸ್ಪಿನ್

ಹೇಳಬಹುದು, ಎಚ್ಚರಿಕೆಯಿಂದ.

ಉಪ್ಪಿಲ್ಲದಾಗ ಎಷ್ಟಿರಬೇಕು ಅಂತ ವೆಲ್ಲರ್ ಗುಂಪು 1983ರಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕ ಹಾಕಿ: ಅರ್ಧಕ್ಷೇತ್ರ = 2(ಬಿ₁² + ಬಿ₂²)/(ಬಿ₁ + ಬಿ₂). ಪ್ರತಿ ರ್‍ಯಾಡಿಕಲ್‌ನ ಬಿ ವರ್ಗ ಅಂದರೆ ಎಲ್ಲಾ ನ್ಯೂಕ್ಲಿಯಸ್‌ಗಳ ಹೈಪರ್‌ಫೈನ್ ಸ್ಥಿರಾಂಕದ ವರ್ಗ ಗುಣಿಸು ಐ(ಐ+1), ಇವುಗಳ ಮೊತ್ತ (ಐ ಅಂದರೆ ನ್ಯೂಕ್ಲಿಯರ್ ಸ್ಪಿನ್). ಪೈರೀನ್ ಋಣ ಅಯಾನಿಗೆ ನಾಲ್ಕು ಹೈಡ್ರೋಜನ್ 0.475, ನಾಲ್ಕು 0.208, ಎರಡು 0.109 ಮಿಲಿಟೆಸ್ಲಾ. ಬಿ ಬರೋದು 0.91. ಡಿಎಂಎ ಧನ ಅಯಾನಿನಲ್ಲಿ ನೈಟ್ರೋಜನ್ ಸುಮಾರು 1.1, ಆರು ಮೀಥೈಲ್ ಹೈಡ್ರೋಜನ್ ಸುಮಾರು 1.2, ಉಂಗುರದ್ದೂ ಸೇರಿಸಿದರೆ ಬಿ 3.1ರ ಸುತ್ತ. ಅರ್ಧಕ್ಷೇತ್ರ 5.3 ಮಿಲಿಟೆಸ್ಲಾ. ಅಳತೆಯಲ್ಲಿ 5ರಿಂದ 6ರ ಒಳಗೆ ಬಂದರೆ ನಿಮ್ಮ ಮೂಲ ಮಾದರಿ ಆರೋಗ್ಯವಾಗಿದೆ. ಡಿಎಂಎಯ ಬಿ ವರ್ಗದಲ್ಲಿ ಸುಮಾರು ಮೂರನೇ ಎರಡು ಪಾಲು ಭಾರ ಆರು ಮೀಥೈಲ್ ಹೈಡ್ರೋಜನ್‌ಗಳದ್ದೇ ಅನ್ನೋದು ಗಮನಿಸಿ.

ಸ್ಪಿನ್ ವಿಶ್ರಾಂತಿ ವೇಗವಾದರೆ ಈ ಅಗಲ ಹೆಚ್ಚುತ್ತೆ. ಎಷ್ಟು? 14 ನ್ಯಾನೊಸೆಕೆಂಡಿಗೆ ಸುಮಾರು 0.4 ಮಿಲಿಟೆಸ್ಲಾ. ಅಂದರೆ 5.3 ಹೋಗಿ 5.7. ಇದನ್ನು ನಂಬೋ ಹಾಗೆ ತೋರಿಸೋಕೆ 0 ಮತ್ತು 15ರ ನಡುವೆ ಬಿಗಿಯಾಗಿ ಬಿಂದುಗಳು ಬೇಕು, ಅರ್ಧ ಮಿಲಿಟೆಸ್ಲಾಕ್ಕೊಂದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಸಾಂದ್ರತೆ ಏರಿಸಬೇಕು: 2 ಮಿಲಿಟೆಸ್ಲಾ ಅಗಲವಾಗೋಕೆ 25 ಮಿಲಿಮೋಲಾರ್, ಆ ಹೊತ್ತಿಗೆ ಉಪ್ಪಿನ ಪರಿಣಾಮ ಎಲ್ಲವನ್ನೂ ನುಂಗಿರುತ್ತೆ.

ಎಚ್ಚರಿಕೆ ಯಾಕೆ ಅಂದರೆ ಜೋಡಿಯ ಆಯಸ್ಸು ಮೊಟಕಾದರೂ ರೇಖೆ ಅಗಲವಾಗುತ್ತೆ, ಡಿಎಂಎಯಿಂದ ಡಿಎಂಎಗೆ ಎಲೆಕ್ಟ್ರಾನ್ ಹಾರಿದರೂ ಆಗುತ್ತೆ. ಎರಡನೆಯದಕ್ಕೆ ಡಿಎಂಎ 0.06 ಮೀರಿಸಬೇಡಿ, ಎಲ್ಲ ಮಾದರಿಯಲ್ಲೂ ಒಂದೇ ಇಡಿ. ಮೊದಲನೆಯದಕ್ಕೆ ಲುಟೇಶಿಯಂನ ಅರ್ಧಕ್ಷೇತ್ರವೇ ಅಳತೆಗೋಲು. ಗ್ಯಾಡೊಲಿನಿಯಂ ಅದಕ್ಕಿಂತ ಅಗಲವಾಗಿದ್ದರೆ ಆ ಹೆಚ್ಚುವರಿ ಮಾತ್ರ ನಿಮ್ಮದು.

ಮೊದಲ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಶೇಕಡಾದಿಂದ ಶೇಕಡಾ ಕಳೆಯಬೇಡಿ. ಉಪ್ಪು ಜೋಡಿಯ ಆಯಸ್ಸನ್ನು ಕಡಿಮೆ ಮಾಡಿದರೆ ಗ್ಯಾಡೊಲಿನಿಯಂಗೆ ಕೆಲಸ ಮಾಡೋ ಕಾಲವೂ ಕಡಿಮೆ, ಹಾಗಾಗಿ ಎರಡೂ ಕೂಡೋ ಬಾಬತ್ತಲ್ಲ.

ದ್ರಾವಕದಂಗಡಿ

ಅದಕ್ಕೆ ಸರಳ ದಾರಿ ಇದೆ: ಒಟ್ಟು ಉಪ್ಪು ಯಾವಾಗಲೂ 5 ಮಿಲಿಮೋಲಾರ್ ಇಡಿ, ಗ್ಯಾಡೊಲಿನಿಯಂ ಮತ್ತು ಲುಟೇಶಿಯಂ ಪಾಲು ಬದಲಿಸಿ. 0:5, 1:4, 2.5:2.5, 4:1, 5:0. ವಿದ್ಯುದಾವೇಶ, ಟ್ರೈಫ್ಲೇಟ್, ಡೈಎಲೆಕ್ಟ್ರಿಕ್ ಎಲ್ಲ ಹೆಚ್ಚುಕಡಿಮೆ ಸ್ಥಿರ, ಮುಖ್ಯವಾಗಿ ಬದಲಾಗೋದು ಎಲೆಕ್ಟ್ರಾನ್ ಸ್ಪಿನ್. ಒಂದು ಸಾಲಿನ ಐದೂ ಕ್ಯೂವೆಟ್‌ಗಳನ್ನು ಒಂದೇ ಮೂಲ ದ್ರಾವಣದಿಂದ ತುಂಬಿ, ಒಟ್ಟಿಗೆ ಡೀಗ್ಯಾಸ್ ಮಾಡಿ, ಒಂದೇ ದಿನ ಅಳೆಯಿರಿ. ಟ್ರೈಫ್ಲೇಟನ್ನು ಮೊದಲು ಡಿಎಂಎಫ್‌ನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಟಿಎಚ್‌ಎಫ್, ಕೊನೆಗೆ ಡಿಎಂಎ. ಡಿಎಂಎಫ್ ಲೋಹದ ಸುತ್ತ ಕೂತುಬಿಟ್ಟರೆ ಅಮೀನಿಗೆ ಜಾಗ ಸಿಗೋದಿಲ್ಲ. ಕ್ರಮ ತಿರುಗಿಸಿದರೆ ಒಮ್ಮೊಮ್ಮೆ ಮಸುಕು ಬರುತ್ತೆ, ಆ ಮಸುಕು ಚದುರಿಸೋ ಬೆಳಕು ಫಿಲ್ಟರ್ ದಾಟಿ ಬಂದು ಶೇಕಡಾವನ್ನು ಸುಮ್ಮನೆ ಕುಗ್ಗಿಸುತ್ತೆ.

ಲಾಕ್‌ಇನ್_ಲತಾ

ಐದನ್ನೂ ಅಳೆದ ಮೇಲೆ ಮೊದಲನೆಯದನ್ನು ಮತ್ತೆ ಒಮ್ಮೆ ಅಳೆಯಿರಿ. ಪೈರೀನ್-ಡಿಎಂಎ ಬೆಳಕಿಗೆ ನಿಧಾನವಾಗಿ ಕೆಡುತ್ತೆ, ಅದಕ್ಕೇ ಅಳೆಯೋ ಹೊತ್ತು ಬಿಟ್ಟು ಉಳಿದ ಹೊತ್ತು ಶಟರ್ ಮುಚ್ಚಿರಲಿ. ಮೊದಲ ಮತ್ತು ಕೊನೆಯ ಓದಿನ ನಡುವೆ ಸೊನ್ನೆ ಕ್ಷೇತ್ರದ ಬೆಳಕು ಶೇ. 2ಕ್ಕಿಂತ ಹೆಚ್ಚು ಇಳಿದಿದ್ದರೆ ಆ ಸಾಲನ್ನು ಬಿಟ್ಟು ಹೊಸದಾಗಿ ತುಂಬಿ.